ಅಷ್ಟಮಿಯ ಸಮುದ್ರ

ವಿಶಾಖಪಟ್ಟಣದ ನಮ್ಮ ಮನೆಯ ಬಾಲ್ಕನಿಯಲ್ಲಿ ಆ ಬೆಳಿಗ್ಗೆ ಮೂವರೂ ಇದ್ದೆವು. ನಮ್ಮ ಅತ್ತೆ ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಯಜಮಾನರಿಗೆ ಬ್ಯಾಂಕಿಗೆ ಹೊರಡಲು ಇನ್ನೂ ಹೊತ್ತಿತ್ತು, ಬನಿಯನ್ನಿನಲ್ಲೇ ಪೇಪರು ಹಿಡಿದು ಕೂತಿದ್ದರು. ನಾನು ಕಟಕಟೆಗೆ ಒರಗಿ ನಿಂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಎದುರಿನ ಎರಡು ಅಪಾರ್ಟ್‌ಮೆಂಟುಗಳ ನಡುವೆ ಒಂದು ಸೀರೆ ಒಣಹಾಕುವಷ್ಟು ಅಗಲದ ಸಂದಿ ಇದೆ. ಆ ಸಂದಿಯಲ್ಲಿ ಕಾಣುವುದೇ ನಮ್ಮ ಪಾಲಿನ ಸಮುದ್ರ. ಬಂದರಿಗೆ ಒಳಬರಲು ಸರದಿ ಕಾಯುವ ಹಡಗುಗಳು ಅಲ್ಲಿ ದೂರದಲ್ಲಿ ನಿಂತಿರುತ್ತವೆ. ಅವತ್ತೂ ಒಂದು ನಿಂತಿತ್ತು.

"ನಾನು ಸಮುದ್ರದಲ್ಲಿ ಈಜಬೇಕು ಅಂತಿದೀನಿ" ಅಂದೆ.

ಯಜಮಾನರು ಪೇಪರಿನ ಹಿಂದಿನಿಂದಲೇ, "ಯಾವ ಸಮುದ್ರದಲ್ಲಿ?" ಅಂದರು. ಊರಿಗೆ ನಾಲ್ಕೈದು ಸಮುದ್ರಗಳಿದ್ದ ಹಾಗೆ.

"ಇದರಲ್ಲೇ. ಅಲೆ ದಾಟಿ ಆಚೆ ಹೋಗಿ, ತಿರುಗಿ ಈ ಊರನ್ನ ಒಂದ್ಸಲ ನೋಡಬೇಕು."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಇವತ್ತೇನೇ ತಿಥಿ?"

"ತದಿಗೆ ಇರಬೇಕು ಅತ್ತೆ."

"ಹಂಗಾದ್ರೆ ಇವತ್ತು ಆ ಮಾತೇ ಬೇಡ. ನದಿ ಬೇಕಾದ್ರೆ ದಿನಾ ಮುಟ್ಟು. ಸಮುದ್ರ ಹಂಗಲ್ಲ ಕಣೇ. ಹುಣ್ಣಿಮೆ, ಅಮಾವಾಸ್ಯೆ, ಗ್ರಹಣ, ಇಂಥ ಪರ್ವಕಾಲ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದು ಅಂತ ನಮ್ಮತ್ತೆ ಹೇಳೋರು."

"ನಿಮ್ಮತ್ತೆ ಸಮುದ್ರ ನೋಡಿದ್ರೇನಮ್ಮ?" ಯಜಮಾನರು ಕೇಳಿದರು.

"ನೋಡಿರ್ಲಿಲ್ಲ. ನೋಡದೇ ಇದ್ರೂ ಗೊತ್ತಿತ್ತು ಅವರಿಗೆ. ನೀನು ದಿನಾ ನೋಡ್ತೀಯ, ನಿನಗೇನು ಗೊತ್ತು?"

ಯಜಮಾನರು ಪೇಪರಿನೊಳಗೆ ಮರೆಯಾದರು. ಆದರೆ ನನ್ನ ಕಿವಿಗೆ ಬಿದ್ದದ್ದೇ ಬೇರೆ. ಅತ್ತೆ ಬೇಡ ಅನ್ನಲಿಲ್ಲ, ಇವತ್ತು ಬೇಡ ಅಂದರು. ಆ ಎರಡರ ನಡುವೆ ಎದುರಿನ ಸಂದಿಯಷ್ಟು ಜಾಗವಿದೆ ಅಂತ ನನಗೆ ಅನ್ನಿಸಿತು.

ಐವತ್ತು ದಾಟಿದ ಹೆಂಗಸಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂದರೆ, ನನ್ನ ಅಜ್ಜಿಯನ್ನು ಕೇಳಬೇಕು. ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಆಚೆ, ನೀರೆಂದರೆ ಬೋರ್‌ವೆಲ್ಲಿನ ಹ್ಯಾಂಡ್‌ಪಂಪು ಅಂತ ತಿಳಿದ ಊರಿನಲ್ಲಿ. ಮಾತು ಕಲಿತದ್ದು ಅಜ್ಜಿ ಮತ್ತು ಅವಳ ಓರಗೆಯವರ ಮಧ್ಯೆ, ಮಧ್ಯಾಹ್ನದ ಜಗಲಿಯಲ್ಲಿ. ಅಜ್ಜಿ ಹೇಳುತ್ತಿದ್ದ ಸಂಗತಿಗಳಲ್ಲಿ ಒಂದನ್ನು ನಾನು ಮತ್ತೆ ಮತ್ತೆ ಹೇಳಿಸುತ್ತಿದ್ದೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಊರಿನ ಕೆರೆ ತುಂಬಿ ಕೋಡಿ ಬಿದ್ದು, ದಾರಿ ಮುಳುಗಿ, ತವರಿಗೆ ಹೋಗಬೇಕಾದವಳನ್ನು ಹರಿಗೋಲಿನಲ್ಲಿ ಕೂರಿಸಿ ಕೆರೆ ದಾಟಿಸಿದ್ದರಂತೆ. ನಡುನೀರಿನಲ್ಲಿ ಹರಿಗೋಲು ಗಿರಗಿರನೆ ಒಂದು ಸುತ್ತು ತಿರುಗಿದಾಗ ಅವಳಿಗೆ ದಡದ ಮೇಲೆ ತನ್ನದೇ ಮನೆ ಕಾಣಿಸಿತಂತೆ.

"ನಮ್ಮನೆ ನಮ್ಮನೆ ಥರ ಇರ್ಲಿಲ್ಲ ಕಣೇ" ಅನ್ನುತ್ತಿದ್ದಳು.

"ಮತ್ತೆ ಹೆಂಗಿತ್ತಜ್ಜಿ?"

"ಯಾರೋ ನೆಂಟ್ರ ಮನೆ ಇದ್ದಂಗಿತ್ತು. ಒಳಗೆ ಹೋಗಿ ಒಂದು ಲೋಟ ನೀರು ಕೇಳ್ಬೋದು ಅನ್ನಿಸ್ತು. ಬಾಗಿಲು ಸಾರಿಸ್ಬೇಕು ಅಂತ ಮಾತ್ರ ಅನ್ನಿಸ್ಲಿಲ್ಲ."

ಇಷ್ಟೇ. ಇದಕ್ಕೆ ಮುಂದಿಲ್ಲ, ಹಿಂದಿಲ್ಲ. ಆದರೆ ಬ್ಯಾಂಕಿನವರನ್ನು ಕಟ್ಟಿಕೊಂಡು ಊರೂರು ತಿರುಗುವಾಗ ನನಗೆ ಎಲ್ಲ ಊರಿನಲ್ಲೂ ಅದೇ ಪ್ರಶ್ನೆ. ನಾನು ಸಾರಿಸಿ ಗುಡಿಸುವ ಈ ಮನೆ, ಈ ರಸ್ತೆ, ನೀರಿನ ಕಡೆಯಿಂದ ಹೇಗೆ ಕಾಣುತ್ತದೆ? ವಿಶಾಖಪಟ್ಟಣಕ್ಕೆ ಬಂದ ಮೇಲಂತೂ ನಿಂತ ಹಡಗನ್ನು ನೋಡಿದಾಗಲೆಲ್ಲ, ಅದರ ಮೇಲಿರುವವನಿಗೆ ನನ್ನ ಬಾಲ್ಕನಿಯಲ್ಲಿ ಒಣಗುವ ಟವೆಲು ಕಂಡೀತೇ ಅಂತ ಯೋಚಿಸುತ್ತಿದ್ದೆ.

ಈಜು ನಾನು ಕಲಿತದ್ದು ಇದಕ್ಕೂ ಮೊದಲು, ಯಜಮಾನರಿಗೆ ವಿಜಯವಾಡದಲ್ಲಿ ಪೋಸ್ಟಿಂಗ್ ಆಗಿದ್ದಾಗ. ಅಲ್ಲಿಯ ಬಿಸಿಲಿನಲ್ಲಿ ಮನುಷ್ಯರು ಏನು ಬೇಕಾದರೂ ಕಲಿತಾರು. ಮನೆಯ ಹತ್ತಿರದ ಈಜುಕೊಳದಲ್ಲಿ ಹೆಂಗಸರಿಗೇ ಅಂತ ಬೇರೆ ಬ್ಯಾಚು ಇತ್ತು. ಕೊರಳಿನಿಂದ ಕಾಲ್ಗಿಣ್ಣಿನವರೆಗೆ ಮುಚ್ಚುವ ಈಜುಡುಗೆಯನ್ನು ಅಂಗಡಿಯಿಂದ ತಂದು ತೋರಿಸಿದಾಗ ಅತ್ತೆ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, "ಇದು ಒಳಗೆ ಹಾಕ್ಕೊಳ್ಳೋದೋ ಹೊರಗೆ ಹಾಕ್ಕೊಳ್ಳೋದೋ?" ಅಂದಿದ್ದರು.

ಕೊಳದಲ್ಲಿ ನನ್ನ ಕಷ್ಟವೇ ಬೇರೆ. ನೀರೆಂದರೆ ನನಗೆ ಭಯವಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ನಾನು ನೀರಿಗಿಳಿದದ್ದು ಪುಣ್ಯಸ್ನಾನಕ್ಕೆ ಮಾತ್ರ. ಮೂಗು ಹಿಡಿ, ಮುಳುಗು, ಏಳು, ಸೂರ್ಯನಿಗೆ ಕೈಮುಗಿ. ಈ ಕ್ರಮ ನನ್ನ ಕೈಗೆ ಅಂಟಿಹೋಗಿತ್ತು. ನೀರು ಗದ್ದ ಮುಟ್ಟಿದ ಕೂಡಲೇ ಬಲಗೈ ತಾನಾಗಿ ಹೋಗಿ ಮೂಗು ಹಿಡಿಯುತ್ತಿತ್ತು. ಉಳಿದ ಒಂದು ಕೈಯಲ್ಲಿ ಈಜಲು ಹೋದರೆ ನಾನು ಕೊಳದ ಒಂದೇ ಮೂಲೆಯಲ್ಲಿ ಸುತ್ತು ಹೊಡೆಯುತ್ತಿದ್ದೆ, ಅಜ್ಜಿಯ ಹರಿಗೋಲಿನ ಹಾಗೆ. ಕಲಿಸುತ್ತಿದ್ದ ತೆಲುಗಿನಮ್ಮ ದಡದ ಮೇಲೆ ನಿಂತು ಸೀಟಿ ಊದಿ, "ಅಮ್ಮಾ, ಮುಕ್ಕು ವದಲಂಡಿ" ಅನ್ನುವಳು. ಮೂಗು ಬಿಡಿ ಅಂತ. ಜೊತೆಗಿದ್ದ ಹೆಂಗಸರು ನನಗೆ ಮುಕ್ಕಮ್ಮ ಅಂತಲೇ ಹೆಸರಿಟ್ಟಿದ್ದರು. ಒಂದು ಬೇಸಿಗೆ ಪೂರ್ತಿ ಹೋಯಿತು ಆ ಕೈಯನ್ನು ಮೂಗಿನಿಂದ ಬಿಡಿಸಲು. ಬಿಟ್ಟ ಮೇಲೆ ಈಜು ಬಂತು, ಚೆನ್ನಾಗಿಯೇ ಬಂತು. ಭಾನುವಾರಗಳಂದು ಅತ್ತೆಯನ್ನು ಕೃಷ್ಣೆಯ ಘಾಟಿಗೆ ಕರೆದುಕೊಂಡು ಹೋದಾಗ ಅವರು ಮೆಟ್ಟಿಲಲ್ಲಿ ಮೂಗು ಹಿಡಿದು ಮುಳುಗುವರು, ನಾನು ಅವರ ಸುತ್ತ ನಾಲ್ಕು ಕೈ ಹಾಕುವೆ. "ಸುಮ್ನೆ ನಿಂತ್ಕೊಳ್ಳೇ, ಎಮ್ಮೆ ಇಳಿದಂಗೆ ಇಳೀಬೇಡ" ಅನ್ನುವರು. ಆದರೆ ಬೇಡ ಅಂದದ್ದಿಲ್ಲ. ಕೃಷ್ಣೆಯ ಹತ್ತಿರ ತಿಥಿ ಕೇಳಬೇಕಾಗಿರಲಿಲ್ಲ.

ವಿಶಾಖಪಟ್ಟಣದಲ್ಲಿ ಕೇಳಬೇಕಾಯಿತು. ನಾನೂ ತಕರಾರು ಮಾಡಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆಯ ಬಿಳಿ ಚಂದ್ರ, ಅಮಾವಾಸ್ಯೆಯ ಕರಿ ಚಂದ್ರ ನೋಡಿಕೊಂಡು ಆ ದಿನಗಳಲ್ಲಿ ಬೆಳಿಗ್ಗೆ ಋಷಿಕೊಂಡದ ಬೀಚಿಗೆ ಹೋಗತೊಡಗಿದೆ. ಅಲ್ಲಿ ಬೆಳಗಿನ ಈಜಿಗೆ ಬರುವ ಒಂದು ಗುಂಪು ಇತ್ತು. ಅಲೆಗಳ ಆಚೆ ಕಿತ್ತಳೆ ಬಣ್ಣದ ಒಂದು ತೇಲುಗುಂಡು ಕಟ್ಟಿದ್ದರು, ಅಲ್ಲಿಯವರೆಗೆ ಹೋಗಿ ಬರುವುದು ಅವರ ವಾಡಿಕೆ. ಗುಂಪಿನಲ್ಲಿದ್ದ ಒಬ್ಬ ಹುಡುಗಿ, ಹುಡುಗಿ ಅಂದರೆ ಮೂವತ್ತರ ಹತ್ತಿರದವಳು, ಪರವಾಡದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವಳು, ನನ್ನನ್ನು ತನ್ನ ಜವಾಬ್ದಾರಿಗೆ ತೆಗೆದುಕೊಂಡಳು. ಅವಳ ತಾಯಿಯ ತಾಯಿ ಕನ್ನಡದವರು.

"ನಮ್ಮ ಅಮ್ಮಮ್ಮ ಇದ್ದಾಗ ಕನ್ನಡ ಮಾತಾಡ್ತಿದ್ದೆ ಆಂಟೀ. ಈಗ ನೀವು ಸಿಕ್ಕಿದ್ರಿ. ತಪ್ಪಾದ್ರೆ ಏಮೀ ಅನ್ಕೋಬೇಡಿ" ಅಂದಿದ್ದಳು ಮೊದಲ ದಿನವೇ.

ಯಜಮಾನರು ಕಾವಲಿಗೆ ಬರುತ್ತಿದ್ದರು. ನನ್ನ ಚಪ್ಪಲಿ, ಟವೆಲು, ಚೀಲ ಹಿಡಿದು ಮರಳಿನ ಮೇಲೆ ನಿಲ್ಲುವರು. ನಾನು ನೀರಿಗಿಳಿಯುವೆ. ಅಲೆ ಬಂದು ನನ್ನನ್ನು ಎತ್ತಿ, ಮಗುಚಿ, ಹಿಟ್ಟು ನಾದಿದ ಹಾಗೆ ನಾದಿ, ಯಜಮಾನರ ಕಾಲ ಬಳಿ ತಂದು ಹಾಕುವುದು. ಏಳುವ ಮೊದಲೇ ವಾಪಸು ಹೋಗುವ ನೀರು ಕಾಲ ಕೆಳಗಿನ ಮರಳನ್ನೆಲ್ಲ ಎಳೆದುಕೊಂಡು ಹೋಗುವುದು. ಮತ್ತೆ ಹೋಗುವೆ, ಮತ್ತೆ ತಂದು ಹಾಕುವುದು. ಎಲ್ಲಕ್ಕಿಂತ ಬೇಸರದ ಸಂಗತಿ ಅಂದರೆ, ವಿಜಯವಾಡದಲ್ಲಿ ಅಷ್ಟು ಕಷ್ಟಪಟ್ಟು ಬಿಡಿಸಿದ್ದ ಕೈ ಮತ್ತೆ ಮೂಗಿಗೆ ಹೋಗತೊಡಗಿತು.

"ನಿನ್ನ ವಾಪಸ್ ಕಳಿಸೋದ್ರಲ್ಲಿ ಸಮುದ್ರ ನಮ್ಮ ಹೆಡ್ ಆಫೀಸಿಗಿಂತ ಚುರುಕಾಗಿದೆ" ಅಂದರು ಯಜಮಾನರು ಒಂದು ಅಮಾವಾಸ್ಯೆಯ ದಿನ. ನಗು ಬಂದರೂ ಮನೆಗೆ ಬಂದು ಕಿವಿಯಲ್ಲಿ ಸೇರಿದ ಮರಳು ತೊಳೆಯುವಾಗ ನಗು ಉಳಿಯಲಿಲ್ಲ. ಕೊಳದ ಈಜು ಕೊಳಕ್ಕೇ ಸರಿ, ವಯಸ್ಸಾಯಿತು, ಈ ಆಸೆ ನನ್ನ ಮೈಗೆ ದೊಡ್ಡದಾಯಿತು ಅಂತ ಅನ್ನಿಸತೊಡಗಿತ್ತು. ಅತ್ತೆ ನೋಡಿ, "ಪುಣ್ಯ ಬಂತಲ್ಲ, ಸಾಕು ಬಿಡು. ಇನ್ನೇನು ಬೇಕು?" ಅಂದರು. ಪುಣ್ಯ ಸಾಕಷ್ಟು ಬಂದಿತ್ತು. ಊರು ಹೇಗೆ ಕಾಣುತ್ತದೆ ಅನ್ನುವುದು ಮಾತ್ರ ಗೊತ್ತಾಗಿರಲಿಲ್ಲ.

ಕೈಬಿಡಬೇಕು ಅಂದುಕೊಂಡ ದಿನಗಳಲ್ಲೇ ಬಾಲ್ಕನಿಯ ಸಂದಿಯಲ್ಲಿ ಒಂದು ಬಂಡೆ ನನ್ನ ಗಮನಕ್ಕೆ ಬಂತು. ದಡದ ಹತ್ತಿರ ನೀರಿನೊಳಗೆ ಕೂತ ಕರಿ ಬಂಡೆ. ಹುಣ್ಣಿಮೆಯ ದಿನ ನಾವು ಋಷಿಕೊಂಡದಿಂದ ವಾಪಸು ಬಂದ ಹೊತ್ತಿಗೆ ಅದು ಪೂರ್ತಿ ಮುಳುಗಿ ಬಿಳಿ ನೊರೆ ಮಾತ್ರ ಕಾಣುತ್ತಿತ್ತು. ಮಧ್ಯಾಹ್ನ ಬಟ್ಟೆ ತೆಗೆಯಲು ಹೋದರೆ ಅದರ ಬುಡದ ಪಾಚಿಯವರೆಗೂ ಬರಿದಾಗಿ ನಿಂತಿತ್ತು. ಇದೇನು ಹೀಗೆ ಅಂತ ಕುತೂಹಲವಾಯಿತು. ಮಾರನೆಯ ದಿನವೂ ನೋಡಿದೆ, ಅದರ ಮಾರನೆಯ ದಿನವೂ ನೋಡಿದೆ. ದಿನ ಕಳೆದ ಹಾಗೆ ಬಂಡೆಯ ಏರಿಳಿತ ಕಡಿಮೆಯಾಗುತ್ತ ಬಂತು. ಅಷ್ಟಮಿಯ ಹೊತ್ತಿಗೆ ಅದು ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ನೆತ್ತಿಯ ಮೇಲೆ ಒಂದು ಬೆಳ್ಳಕ್ಕಿ ಕೂತು ಗರಿ ಒಣಗಿಸಿಕೊಳ್ಳುತ್ತಿತ್ತು. ಆಮೇಲೆ ಅಮಾವಾಸ್ಯೆ ಹತ್ತಿರವಾದ ಹಾಗೆ ಮತ್ತೆ ಆ ಮುಳುಗಾಟ ಶುರು.

"ಅದಕ್ಕೂ ಈಜು ಕಲಿಸ್ತೀಯಾ?" ಅಂದರು ಯಜಮಾನರು, ನಾನು ಬಂಡೆಯನ್ನೇ ನೋಡುತ್ತ ನಿಂತದ್ದನ್ನು ಕಂಡು.

ಹುಣ್ಣಿಮೆ ಅಮಾವಾಸ್ಯೆಗೆ ಸಮುದ್ರ ಉಬ್ಬುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕ ಕೂಡ ತೆಗೆದುಕೊಂಡಿದ್ದೆ. ಆ ಉತ್ತರಕ್ಕೂ ನನ್ನ ಮೂಗಿಗೆ ನುಗ್ಗುತ್ತಿದ್ದ ಉಪ್ಪುನೀರಿಗೂ ಸಂಬಂಧವಿದೆ ಅಂತ ಇಷ್ಟು ದಿನ ಹೊಳೆದಿರಲಿಲ್ಲ. ಮುಟ್ಟಬಹುದು ಅಂತ ಹಿರಿಯರು ಹೇಳಿದ ದಿನಗಳೇ ಸಮುದ್ರದ ಸೆಳೆತ ಹೆಚ್ಚಿರುವ ದಿನಗಳು. ಹೊಸಬಳು ಇಳಿಯಬಹುದಾದ ದಿನಗಳಲ್ಲಿ ಮುಟ್ಟಬಾರದು. ಹಿರಿಯರು ತಪ್ಪು ಹೇಳಿದರು ಅಂತ ನನಗೆ ಅನ್ನಿಸಲಿಲ್ಲ. ಅವರು ಸಮುದ್ರ ತುಂಬಿ ನಿಂತ ದಿನ ಬಂದು, ದಡದಲ್ಲಿ ಒಂದು ಮುಳುಗು ಹಾಕಿ, ಕೈಮುಗಿದು ಹೋಗುವವರು. ದಾಟಿ ಆಚೆ ಹೋಗಿ ತಿರುಗಿ ನೋಡುತ್ತೇನೆ ಅನ್ನುವವಳನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೇ.

ಪರವಾಡದ ಹುಡುಗಿಗೆ ಫೋನು ಮಾಡಿ ಹೇಳಿದೆ.

"ಅದು ನಮಗೆಲ್ಲ ಗೊತ್ತು ಆಂಟೀ. ಪೌರ್ಣಮಿ ದಿನ ನಮ್ಮಲ್ಲೇ ಅರ್ಧ ಜನ ಇಳಿಯೋದಿಲ್ಲ. ನಿಮಗೆ ಏನೋ ಮೊಕ್ಕುಬಡಿ ಇದೆ, ಹರಕೆ, ಅದಕ್ಕೇ ಹುಡುಕಿ ಆ ದಿನವೇ ಬರ್ತಾರೆ ಅನ್ಕೊಂಡಿದ್ವಿ. ದೇವರ ವಿಷಯ, ಹೇಗೆ ಅಡಗೋದು?"

ಅಡಗೋದು ಅಂದರೆ ಅವಳ ಕನ್ನಡದಲ್ಲಿ ಕೇಳುವುದು. ಅವಳು ಅಡಗಲಿಲ್ಲ, ನಾನು ಹೇಳಲಿಲ್ಲ, ಸಮುದ್ರ ಮಾತ್ರ ಪ್ರತಿಸಲವೂ ತನ್ನ ಕೆಲಸ ಮಾಡಿತ್ತು.

ಇನ್ನು ಅತ್ತೆಗೆ ಹೇಳಬೇಕಾಗಿತ್ತು. ಅವರಿಗೆ ತಿಳಿಸದೆ ಹೋಗಬಹುದಿತ್ತು. ತರಕಾರಿಗೆ ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕದ್ದು ಹೋಗಿ ನೋಡಿದ ಊರನ್ನು ಬಂದು ಯಾರಿಗೆ ಹೇಳಲಿ? ಸಂಕ್ರಾಂತಿ ಕಳೆದ ಮೇಲೆ, ಸಮುದ್ರ ತಣ್ಣಗೆ ಮಲಗುವ ಕಾಲದಲ್ಲಿ, ಒಂದು ಮಧ್ಯಾಹ್ನ ಅವರನ್ನು ಬಾಲ್ಕನಿಗೆ ಕರೆದು ಬಂಡೆ ತೋರಿಸಿದೆ. ಎಲ್ಲವನ್ನೂ ವಿವರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬೆಳ್ಳಕ್ಕಿಯನ್ನು ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಯಾವತ್ತು ಮುಟ್ತೀನಿ ಅಂತೀಯ?"

"ನಾಡಿದ್ದು."

"ನಾಡಿದ್ದು ಅಷ್ಟಮಿ."

"ಹೂಂ ಅತ್ತೆ. ಅವತ್ತೇ ನೀರು ಸುಮ್ನಿರೋದು."

"ಬಾಡಿಗೆ ಮನೆಗೆ ಹಾಲುಕ್ಕಿಸೋಕೂ ಅಷ್ಟಮಿ ಬೇಡ ಅಂತ ಬಿಟ್ಟೋರು ನಾವು. ಮುಟ್ಟಬಾರದ್ದನ್ನ ಮುಟ್ಟೋಕೆ ಹೊರಡಬಾರದ ದಿನ ಹುಡುಕಿದೀಯಲ್ಲೇ."

"ಹೊರಡೋದು ಏನಮ್ಮ, ಆಟೋದಲ್ಲಿ ಹೋಗಿ ಆಟೋದಲ್ಲಿ ಬರೋದು" ಅಂದರು ಒಳಗಿನಿಂದ ಯಜಮಾನರು.

"ನೀನು ಸುಮ್ನಿರೋ. ಅವಳ ಚಪ್ಪಲಿ ಹಿಡಿಯೋನು" ಅಂದರು ಅತ್ತೆ.

ನಾನು ಮಾತು ಬೆಳೆಸಲಿಲ್ಲ. "ಅತ್ತೆ, ನೀವು ಬೇಡ ಅಂದ್ರೆ ಬಿಡ್ತೀನಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ನಾನು ಹೋಗ್ತೀನಿ. ನಿಮಗೆ ಹೇಳಿ ಹೋಗ್ತಿದೀನಿ" ಅಂದೆ. ಇಷ್ಟು ವರ್ಷಗಳಲ್ಲಿ ಅವರ ಎದುರು ಹೀಗೆ ಮಾತಾಡಿದ್ದು ಅದೇ ಮೊದಲು. ಅವರು ಬತ್ತಿಯ ಡಬ್ಬ ತೆಗೆದುಕೊಂಡು ಒಳಗೆ ಹೋದರು. ಅವತ್ತೂ ಮಾರನೆಯ ದಿನವೂ ಮನೆಯಲ್ಲಿ ಸಾರಿಗೆ ಉಪ್ಪಿನ ವಿಷಯ ಬಿಟ್ಟು ಬೇರೆ ಮಾತಿಲ್ಲ.

ಅಷ್ಟಮಿಯ ಬೆಳಿಗ್ಗೆ ನಾನು ಚೀಲ ಹಿಡಿದು ಹೊರಬಂದರೆ ಅತ್ತೆ ಶಾಲು ಹೊದ್ದು, ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತಿದ್ದರು.

"ನಾನೇನು ಮುಟ್ಟಲ್ಲ" ಅಂದರು. "ನೀನು ಹೆಂಗೆ ಮುಟ್ತೀಯ ಅಂತ ನೋಡೋಕೆ ಬರ್ತಿದೀನಿ. ಏನಾದ್ರೂ ಆದ್ರೆ ನಾನು ಹೇಳಿದ್ದೆ ಅನ್ನೋಕೆ ಒಬ್ಬರು ಬೇಡ್ವಾ?"

ಟೀ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು, ಅಲೆ ಎಂದೂ ಬಾರದಷ್ಟು ಮೇಲೆ, ಒಣ ಮರಳಿನಲ್ಲಿ ಅವರನ್ನು ಕೂರಿಸಿದೆವು. ನಾನು ಗುಂಪಿನ ಜೊತೆ ನೀರಿಗಿಳಿದೆ. ಸಮುದ್ರ ಬೇರೆಯೇ ಆಗಿತ್ತು. ಅಲೆ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಒಂದು ಬಂದು ಇನ್ನೊಂದು ಬರುವ ನಡುವೆ ನನಗೂ ಒಂದು ಉಸಿರಿಗೆ ಜಾಗ ಇತ್ತು. ಪರವಾಡದ ಹುಡುಗಿ ಪಕ್ಕದಲ್ಲೇ ಇದ್ದಳು. ಎದೆಮಟ್ಟದ ನೀರಿನಲ್ಲಿ ಒಂದು ಅಲೆ ಎದ್ದು ಬಂತು. ಅದರ ಕೆಳಗೆ ನುಸುಳಬೇಕು ಅಂತ ಗೊತ್ತು. ಕೈ ಹೋಗಿ ಮೂಗು ಹಿಡಿಯಿತು.

"ಆಂಟೀ, ಮೂಗು ಎಲ್ಲಿಗೂ ಹೋಗೋದಿಲ್ಲ. ಕೈ ನಮಗೆ ಬೇಕು" ಅಂದಳು ಅವಳು, ಶಾಂತವಾಗಿ, ಬಸ್ಸಿನಲ್ಲಿ ಚಿಲ್ಲರೆ ಕೇಳಿದ ಹಾಗೆ.

ಕೈ ಬಿಟ್ಟೆ. ನುಸುಳಿದೆ. ಅಲೆ ಬೆನ್ನ ಮೇಲಿಂದ, ಯಾರೋ ರಗ್ಗು ಎಳೆದ ಹಾಗೆ, ಹೋಯಿತು. ಆಮೇಲೆ ಇನ್ನೊಂದು. ಆಮೇಲೆ ಅಲೆಗಳು ಮುರಿಯುವುದು ನನ್ನ ಹಿಂದೆ ಕೇಳಿಸುತ್ತಿತ್ತು, ಮುಂದೆ ಬರೀ ಏರಿ ಇಳಿಯುವ ನೀರು. ಕಿತ್ತಳೆ ಗುಂಡನ್ನು ಮುಟ್ಟಿ, ಅದರ ಹಗ್ಗ ಹಿಡಿದು, ತಿರುಗಿದೆ.

ಬಿಸಿಲು ನನ್ನ ಬೆನ್ನ ಕಡೆಯಿಂದ ಹೋಗಿ ಊರಿನ ಮುಖಕ್ಕೆ ಬೀಳುತ್ತಿತ್ತು. ಮೊದಲು ತೋರಿದ್ದು ಗುಡ್ಡಗಳು. ದಡದ ಮೇಲೆ ನಿಂತಾಗ ಗುಡ್ಡವೆಂದರೆ ಒಂದು. ಇಲ್ಲಿಂದ ನೋಡಿದರೆ ಒಂದರ ಹಿಂದೆ ಇನ್ನೊಂದು, ಅದರ ಹಿಂದೆ ಮಸುಕಾಗಿ ಮತ್ತೊಂದು, ಊಟಕ್ಕೆ ಕೂತ ಪಂಕ್ತಿಯ ಹಾಗೆ. ಐಟಿ ಕಚೇರಿಗಳ ಗಾಜಿನ ಕಟ್ಟಡಗಳು ಬೆಲ್ಲದ ತುಣುಕಿನಷ್ಟಾಗಿ ಹೊಳೆಯುತ್ತಿದ್ದವು. ಬೀಚು ಅನ್ನುವುದು ಸೀರೆಯ ಸಣ್ಣ ಅಂಚು. ನಾನು ಸುಮ್ಮನೆ ತೇಲುತ್ತಿದ್ದೆ, ದಡವೇ ಏರುತ್ತಿತ್ತು, ಇಳಿಯುತ್ತಿತ್ತು. ಅಷ್ಟು ವಾಹನಗಳು ಓಡುತ್ತಿದ್ದರೂ ಒಂದರ ಸದ್ದೂ ಇಲ್ಲ. ಮರಳಿನ ಮೇಲಿದ್ದ ಜನರಲ್ಲಿ ಯಜಮಾನರು ಯಾರು ಅಂತ ನನಗೆ ಗೊತ್ತಾಗಲಿಲ್ಲ. ಎಲ್ಲರೂ ಯಾರದೋ ಚಪ್ಪಲಿ ಹಿಡಿದು ನಿಂತವರಂತೆಯೇ ಇದ್ದರು. ಎಲ್ಲರಿಗಿಂತ ಮೇಲೆ ಒಂದು ಬಿಳಿ ಚುಕ್ಕೆ, ಅದು ಕುರ್ಚಿ ಇರಬೇಕು.

ಅಜ್ಜಿ ಹೇಳಿದ್ದು ನಿಜವೋ ಅಂತ ನೋಡಿದೆ. ಪೂರ್ತಿ ನಿಜವಲ್ಲ. ನನಗೆ ಅದು ನೆಂಟರ ಮನೆಯ ಹಾಗೆ ಕಾಣಲಿಲ್ಲ. ಊರೂರು ತಿರುಗಿ ಬಾಡಿಗೆ ಮನೆಗಳಲ್ಲೇ ಇದ್ದವಳು ನಾನು, ಈ ಊರನ್ನೂ ಹಾಗೆಯೇ ಒಂದು ಪೋಸ್ಟಿಂಗ್ ಅಂದುಕೊಂಡಿದ್ದೆ. ಅಲ್ಲಿಂದ ನೋಡಿದಾಗ, ಓ, ನಾನು ಅಲ್ಲಿ ಇರುವವಳು ಅಂತ ಅನ್ನಿಸಿತು.

"ಏನು ಕಂಡ್ರಿ ಆಂಟೀ?" ಹುಡುಗಿ ಕೇಳಿದಳು.

"ಇರು, ಇನ್ನೂ ನೋಡ್ತಿದೀನಿ" ಅಂದೆ.

ವಾಪಸು ಬರುವುದು ಸುಲಭವಾಯಿತು. ಅಲೆಗಳು ಆ ಕಡೆಗೇ ಹೊರಟಿದ್ದವು. ಮರಳಿನ ಮೇಲೆ ನಡೆದು ಕುರ್ಚಿಯ ಹತ್ತಿರ ಹೋದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಟ್ಟಲಿಲ್ಲ. ಟವೆಲನ್ನು ಮಾತ್ರ ಮಗನ ಕೈಯಿಂದ ಕಿತ್ತು ನನ್ನ ಕಡೆ ಎಸೆದರು.

"ನಾನು ಕಾಣಿಸ್ದೆನಾ?"

"ಕುರ್ಚಿ ಕಾಣಿಸ್ತು ಅತ್ತೆ."

"ಕುರ್ಚಿ ಮಾತ್ರ?"

"ಹೂಂ."

"ನನಗೆ ನೀನು ಕಾಣಿಸ್ತಿದ್ದೆ. ತಲೆ ಮಾತ್ರ. ತೆಂಗಿನಕಾಯಿ ತೇಲಿಬಿಟ್ಟಂಗೆ" ಅಂದರು. ಆಟೋ ಹೊರಟ ಮೇಲೆ ಒಂದೊಂದಾಗಿ ಕೇಳತೊಡಗಿದರು. ಗುಡ್ಡ ಎಷ್ಟು ಕಾಣಿಸಿತು, ರಸ್ತೆ ಕಾಣಿಸಿತೇ, ನಮ್ಮ ಮನೆಯ ಕಡೆ ಯಾವ ದಿಕ್ಕಾಯಿತು, ಅಲ್ಲಿ ನೀರಿನ ಬಣ್ಣ ಯಾವುದು. ಮನೆ ಬರುವವರೆಗೂ ಪ್ರಶ್ನೆ ಮುಗಿಯಲಿಲ್ಲ.

ಇದಾಗಿ ಕೆಲವು ವಾರಗಳ ಮೇಲೆ, ಹುಣ್ಣಿಮೆಯೂ ಅಲ್ಲದ ಅಮಾವಾಸ್ಯೆಯೂ ಅಲ್ಲದ ಒಂದು ಭಾನುವಾರ, ಅತ್ತೆ ಋಷಿಕೊಂಡದಲ್ಲಿ ಪ್ರವಾಸಿಗಳನ್ನು ಸುತ್ತಿಸುವ ಮೋಟಾರು ದೋಣಿ ಹತ್ತಿದರು. ದೋಣಿಯಲ್ಲಿ ಕೂತರೆ ಸಮುದ್ರ ಮುಟ್ಟಿದ ಹಾಗಲ್ಲ ಅಂತ ಅವರೇ ತೀರ್ಮಾನ ಮಾಡಿದ್ದರು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ಬಿಗಿಸಿಕೊಂಡು, ನನ್ನ ಪಕ್ಕದಲ್ಲಿ ದಡದ ಕಡೆಗೇ ಮುಖಮಾಡಿ ಕೂತು, ಉದ್ದಕ್ಕೂ ನೋಡುತ್ತಲೇ ಇದ್ದರು. ತಿರುಗುವಾಗ ಒಂದು ಅಲೆ ಅಂಚಿಗೆ ಬಡಿದು ಅವರ ಮಡಿಲೆಲ್ಲ ನೆನೆಯಿತು. ಮುಟ್ಟಬಾರದ ದಿನ ಸಮುದ್ರ ಮೈಗೆ ತಾಗಿತಲ್ಲ, ಅಮ್ಮ ಮೊದಲು ಸ್ನಾನಕ್ಕೇ ಹೋಗುತ್ತಾರೆ ಅಂತ ಮನೆಗೆ ಬಂದ ಕೂಡಲೇ ಯಜಮಾನರು ಗೀಸರಿನ ಸ್ವಿಚ್ಚು ಹಾಕಿದರು. ಅತ್ತೆ ಒದ್ದೆ ಸೀರೆಯಲ್ಲೇ ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಮೊದಲು ಒಂದು ಲೋಟ ಕಾಫಿ ಕೇಳಿದರು.